ಬೇಡ ಬೇಡ, ನಿಮ್ಮ ದೊಡ್ಡ ಮನಸ್ಸು

ಫೆಬ್ರವರಿ ೧೨, ಸೋಮವಾರ

ಸಿಡ್ನಿಯ ಮೆರಿಲ್ಯಾಂಡ್ಸ್‌ನಲ್ಲಿ, ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿ ವಾಸವಾಗಿರುವ ಪರಸ್ತೂ ಶೂಶ್ತರಿ ಎಂಬ ನಾನು, ವಯಸ್ಸು ಹತ್ತೊಂಬತ್ತು, ಕಸುಬು ಕೋಳಿ ಸುಡುವ ಅಂಗಡಿಯ ಕೌಂಟರು, ಸ್ವಬುದ್ಧಿಯಿಂದ, ಯಾರ ಒತ್ತಾಯವೂ ಇಲ್ಲದೆ, ನಿಂತುಹೋಗಿದ್ದ ಈ ದಿನಚರಿಯನ್ನು ಇಂದು ಪುನಃ ಆರಂಭಿಸಿದ್ದೇನೆ. ಕಾರಣ, ನಮ್ಮ ಮನೆತನ ಇಂದು ಇತಿಹಾಸವನ್ನು ಪ್ರವೇಶಿಸಿದೆ.

ಅಂದರೆ ನ್ಯಾಯಾಲಯದ ಪತ್ರ ಬಂದಿದೆ. ಆಶ್ರಯದ ವೀಸಾ ಕೊಡುವುದಿಲ್ಲ ಎಂದು ಮೊದಲು ಇಲಾಖೆ ಹೇಳಿತು. ಆಮೇಲೆ ಮೇಲ್ಮನವಿ ಮಂಡಳಿಯೂ ಅದನ್ನೇ ಹೇಳಿತು. ಮಂಡಳಿ ಮಾಡಿದ್ದು ಕಾನೂನಿಗೆ ಸರಿಯಿದೆಯೇ, ನೀವಾದರೂ ನೋಡಿ ಎಂದು ಬಾಬಾ, ಅಂದರೆ ನಮ್ಮಪ್ಪ, ನ್ಯಾಯಾಲಯಕ್ಕೆ ಅರ್ಜಿ ಹಾಕಿ ಮೂರು ವರ್ಷವಾಯಿತು. ಈಗ ಆಗಸ್ಟ್‌ನಲ್ಲಿ ಕೇಳುತ್ತಾರಂತೆ.

ಪತ್ರದಲ್ಲಿ ಬಾಬಾನ ಹೆಸರೇ ಇಲ್ಲ. ಆಶ್ರಯ ಕೇಳಿದವರ ಹೆಸರು ಹೊರಗೆ ಬರಬಾರದೆಂಬ ನಿಯಮವಿರುವುದರಿಂದ ಅವನಿಗೆ ಮೂರು ಅಕ್ಷರ, ಒಂದು ಸಂಖ್ಯೆ ಕೊಟ್ಟಿದ್ದಾರೆ. ಡಿವಿಕ್ಯೂ-೨೧. ಎದುರುಗಡೆ ಮಂತ್ರಿಗಳು. ಒಂದು ಕಡೆ ಒಂದು ದೇಶದ ಮಂತ್ರಿ, ಇನ್ನೊಂದು ಕಡೆ ನಂಬರ್ ಪ್ಲೇಟು.

"ಅಹ್ವಾಜ್‌ನಲ್ಲಿ ನಾನು ಓಡಿಸ್ತಿದ್ದ ಬಸ್ಸಿಗೂ ಇಂಥದೇ ಇತ್ತು," ಎಂದ ಬಾಬಾ. ಅವನಿಗೆ ಬೇಸರವಾದಂತೆ ಕಾಣಲಿಲ್ಲ.

"ಡಿವಿಕ್ಯೂ, ಚಹಾ ಆರಿಹೋಗ್ತಿದೆ, ಬರ್ತೀಯಾ, ಇಲ್ಲ ಮಂತ್ರಿಗಳನ್ನ ಕರೀಲಾ?" ಎಂದಳು ಮಾಮಾನ್, ಅಂದರೆ ನಮ್ಮಮ್ಮ.

ದಾಖಲೆಗಾಗಿ: ಸೋತರೆ ಮೂವರೂ ನಮ್ಮ ದೇಶಕ್ಕೆ, ಅಹ್ವಾಜ್‌ಗೆ ಹೊರಡಬೇಕು. ಸಂಬಳಕ್ಕಾಗಿ ಡ್ರೈವರುಗಳು ಬಸ್ ನಿಲ್ಲಿಸಿದ ದಿನ ಬಾಬಾನ ಪಕ್ಕದ ಬಸ್ಸು, ನಾನು ಅಮ್ಮೂ, ಅಂದರೆ ಚಿಕ್ಕಪ್ಪ, ಎಂದು ಕರೆಯುವ ಜಲೀಲನದು. ಬಾಬಾ ತಪ್ಪಿಸಿಕೊಂಡು ಬಂದ. ಜಲೀಲ್ ಅಮ್ಮೂ ಇನ್ನೂ ಜೈಲಿನಲ್ಲಿದ್ದಾನೆ.

ಮಾರ್ಚ್ ೨೩, ಶನಿವಾರ

ನಮ್ಮ ಹೊಸವರ್ಷದ ಭೇಟಿಗೆ ಕೆಳಮನೆಯ ನೆಮತ್ ಅಮ್ಮೂ ಮತ್ತು ಇಝ್ಝತ್ ಖಾನಂ ಬಂದಿದ್ದರು. ಜನತೆಯ ಒತ್ತಾಯಕ್ಕೆ ಮಣಿದು ನನ್ನ ಜಗತ್ಪ್ರಸಿದ್ಧ ಏಕವ್ಯಕ್ತಿ ಪ್ರದರ್ಶನ 'ಖಾನಂ ಮತ್ತು ಡ್ರೈವರ್' ಅನ್ನು ಮತ್ತೊಮ್ಮೆ ಪ್ರದರ್ಶಿಸಲಾಯಿತು.

ಇದರ ಮೂಲ, ಮಂಡಳಿಯಲ್ಲಿ ಬಾಬಾನ ವಿಚಾರಣೆ ನಡೆದಾಗ ಅವರೇ ಕೊಟ್ಟ ಧ್ವನಿಮುದ್ರಣ. ಹದಿನಾರನೆಯ ವಯಸ್ಸಿನಲ್ಲಿ, ಮಾಡಲು ಬೇರೆ ಕೆಲಸವಿಲ್ಲದೆ, ಕೇಳಿ ಕೇಳಿ ಬಾಯಿಪಾಠ ಮಾಡಿದ್ದೇನೆ. ಖಾನಂ ಎಂದರೆ ಇಲ್ಲಿ ವಿಚಾರಣೆ ನಡೆಸಿದ ಮೇಡಂ; ಅವಳ ದನಿಗೆ ಮೂಗನ್ನು ಸ್ವಲ್ಪ ಹಿಡಿದುಕೊಳ್ಳಬೇಕು. ಬಾಬಾನ ದನಿಗೆ ಎದೆಯ ಮೇಲೆ ಕೈ.

ಎಲ್ಲರೂ ಕಾಯುವುದು ಒಂದೇ ಜಾಗಕ್ಕೆ. ಹಿಂದೊಮ್ಮೆ ಪ್ರವಾಸದ ವೀಸಾ ಕೇಳುವಾಗ ಏಜೆಂಟ್ ಮಹಾಶಯ ಬಾಬಾನ ಬಗ್ಗೆ 'ಈಗಲೂ ಕೆಲಸದಲ್ಲಿದ್ದಾರೆ' ಎಂದು ಬರೆದಿದ್ದ. ಬಾಬಾ ಹೇಳುತ್ತಿರುವುದು ಮುಷ್ಕರಕ್ಕಾಗಿ ಕೆಲಸದಿಂದ ತೆಗೆದರು ಎಂದು. ಖಾನಂ ಈ ಎರಡನ್ನೂ ಮುಂದಿಟ್ಟು, ಇದು ನಿಮಗೆ ವಿರುದ್ಧವಾಗಬಹುದು ಎಂದು ಹೇಳಿ, ಮುಂದುವರಿಯುತ್ತಾಳೆ:

"ನಿಮಗೆ ಬೇಕಿದ್ದಲ್ಲಿ, ಮಿಸ್ಟರ್ ಶೂಶ್ತರಿ, ನೀವು..."

"ಬೇಡ ಬೇಡ! ತುಂಬಾ ಥ್ಯಾಂಕ್ಸ್, ನಿಮ್ಮ ದೊಡ್ಡ ಮನಸ್ಸು!"

"ಬೇಡವೇ? ಸರಿ, ಮುಂದೆ ಹೋಗೋಣ."

ಬಾಬಾ ಹೋಗುತ್ತಿದ್ದ ಇಂಗ್ಲಿಷ್ ತರಗತಿಯಲ್ಲಿ 'ನಿಮಗೆ ಬೇಕಿದ್ದಲ್ಲಿ' ಎಂಬ ಮಾತಿನ ಹಿಂದೆ ಯಾವಾಗಲೂ ಚಹಾ ಬರುತ್ತಿತ್ತು. ದುಭಾಷಿ ಬಾಯಿ ತೆರೆಯುವ ಮುಂಚೆಯೇ ಬಾಬಾ ಉಪಚಾರವನ್ನು ತಳ್ಳಿಹಾಕಿದ್ದ. ನೆಮತ್ ಅಮ್ಮೂ ನಕ್ಕು ನಕ್ಕು ಕೆಮ್ಮಿದ. ಬಾಬಾನೂ ನಕ್ಕ. ಅವನು ಪ್ರತಿಸಲವೂ ಅಲ್ಲೇ ನಗುತ್ತಾನೆ.

ಮಾರ್ಚ್ ೨೭, ಬುಧವಾರ

ನಮಗೆ ಹೊಸ ವಕೀಲೆ ಸಿಕ್ಕಿದ್ದಾಳೆ. ಹೆಸರು ಮೆಲೆ, ಮೂಲ ಟೋಂಗಾ, ಭುಜ ಬಾಗಿಲಿನಷ್ಟು ಅಗಲ. ಇಂಥ ಮೊಕದ್ದಮೆಗಳಿಗೆ ಫೀಸು ತೆಗೆದುಕೊಳ್ಳುವುದಿಲ್ಲ. ಹಿಂದಿನವನು ಅದೊಂದನ್ನೇ ಮಾಡುತ್ತಿದ್ದ.

ಬಾಬಾ ಪಿಸ್ತಾದ ಪೊಟ್ಟಣ ಮುಂದಿಟ್ಟ. ಮೆಲೆ ಬೇಡ ಎಂದಳು. ಬಾಬಾ ಮತ್ತೆ ತಳ್ಳಿದ. ಆಫೀಸಿನ ನಿಯಮ, ತಗೊಳ್ಳೋ ಹಾಗಿಲ್ಲ ಎಂದಳು. ಬಾಬಾ ಸಂತೋಷದಿಂದ ಮೂರನೆಯ ಸಲ ತಳ್ಳಿದ. ಪೊಟ್ಟಣ ಮೇಜಿನ ಆಚೆ ಅಂಚಿನಿಂದ ಕಸದ ಬುಟ್ಟಿಗೆ ಬಿತ್ತು. ಉಭಯ ಪಕ್ಷಗಳೂ ಅದನ್ನು ಕಾಣದಂತೆ ನಟಿಸಿದವು.

"ಒಂದು ವಿಷಯ ಮೊದಲೇ ಹೇಳ್ತೀನಿ," ಎಂದಳು ಮೆಲೆ. "ನಿಮ್ಮ ಕತೆ ನಿಜಾನಾ ಸುಳ್ಳಾ ಅಂತ ಜಡ್ಜ್ ನೋಡಲ್ಲ. ಬಸ್ಸು ಸರಿಯಾದ ಊರಿಗೆ ಹೋಯ್ತಾ ಅನ್ನೋದು ಅವರ ಕೆಲಸ ಅಲ್ಲ. ಡ್ರೈವರ್ ದಾರೀಲಿ ಸಿಗ್ನಲ್ ಮುರಿದನಾ, ಅಷ್ಟೇ."

"ನಮ್ಮೂರಲ್ಲಿ ಸಿಗ್ನಲ್ ಮುರಿಯೋದು ತಪ್ಪಲ್ಲ ಖಾನಂ," ಎಂದ ಬಾಬಾ.

"ಇಲ್ಲಿ ತಪ್ಪು. ನಿಮ್ಮ ಪುಣ್ಯ." ಅವಳು ಮಂಡಳಿಯ ತೀರ್ಮಾನ ತೆರೆದು ಓದಿದಳು. "ಆದ್ರೆ ನನಗೆ ಏನೂ ಕಾಣ್ತಿಲ್ಲ. ಕೆಲಸದ ವಿಷಯದಲ್ಲಿ ಎರಡು ಥರ ಇದೆ ಅಂತ ನಿಮ್ಮ ಮುಂದಿಟ್ಟಿದ್ದಾರೆ. ಉತ್ತರ ಕೊಡೋಕೆ ಹೆಚ್ಚು ಸಮಯ ಕೊಡ್ತೀವಿ ಅಂದಿದ್ದಾರೆ. ನೀವು ಬೇಡ ಅಂದಿದ್ದೀರಿ. ಹೀಗಂತ ಬರೆದಿದೆ. ಬೇಡ ಅಂದಿದ್ದು ಹೌದಾ?"

"ಹೌದು."

"ಸಮಯ ಸಿಕ್ಕಿದ್ರೆ ಏನು ಮಾಡ್ತಿದ್ರಿ?"

"ಕೆಲಸದಿಂದ ತೆಗೆದ ಕಾಗದ ಅಹ್ವಾಜ್‌ನಿಂದ ತರಿಸ್ತಿದ್ದೆ. ಆಗಿನ್ನೂ ಕೊಡೋರು ಇದ್ರು."

"ಮತ್ತೆ ಯಾಕೆ ಬೇಡ ಅಂದ್ರಿ?"

ಬಾಬಾ ಕೆಂಪಾದ. "ಇನ್ನೊಂದು ಸಲ ಕೇಳ್ತಾರೆ ಅಂದ್ಕೊಂಡೆ. ಯಾರಾದ್ರೂ ಒಂದೇ ಸಲ ಕೇಳಿ ಬಿಡ್ತಾರಾ? ಮೊದಲ್ನೇ ಸಲಕ್ಕೇ ಹೂಂ ಅಂದ್ರೆ ಹೊಟ್ಟೆಗಿಲ್ಲದವನ ಥರ ಕಾಣಲ್ವಾ?"

ಮೆಲೆ ಕಸದ ಬುಟ್ಟಿಯ ಕಡೆ ನೋಡಿದಳು. ಅವಳಿಗೆ ಪಿಸ್ತಾದ ವಿಷಯ ಆಗ ಅರ್ಥವಾಯಿತೆಂದು ಕಾಣುತ್ತದೆ.

ಕೋಣೆ ತೀರಾ ಸಪ್ಪೆಯಾಯಿತು. ಇಂಥ ಸಂದರ್ಭಗಳಿಗಾಗಿಯೇ ದೇವರು ನನ್ನನ್ನು ಸೃಷ್ಟಿಸಿರುವುದರಿಂದ ನಾನು ಎದ್ದು, ಮೂಗು ಹಿಡಿದು, 'ಖಾನಂ ಮತ್ತು ಡ್ರೈವರ್' ಶುರುಮಾಡಿದೆ. ಮೆಲೆ ಮೊದಲು ನಕ್ಕಳು. ಆ ಜಾಗ ಬಂದಾಗ ನಗಲಿಲ್ಲ.

"ನಿಲ್ಲು. 'ನೀವು' ಅಂದ ಮೇಲೆ ಏನು?"

"ಏನೂ ಇಲ್ಲ. ಬಾಬಾ ಬೇಡ ಅಂದ್ಬಿಡ್ತಾನೆ. ಅದೇ ತಮಾಷೆ."

"ಸಮಯ ಅನ್ನೋ ಮಾತು ಅವರ ಬಾಯಿಂದ ಬರುತ್ತಾ?"

"ಇಲ್ಲ."

"ಆಮೇಲಾದ್ರೂ?"

"ಇಲ್ಲ. ಮುಂದೆ ಹೋಗೋಣ ಅಂತಾಳೆ, ಹಾಳೆ ತಿರುಗಿಸ್ತಾಳೆ."

"ನಗಿಸೋಕೆ ಅಂತ ನೀನೇ ಕತ್ತರಿಸಿಲ್ಲ ತಾನೇ?"

"ಮೇಡಂ, ನಾನು ಕಲಾವಿದೆ. ಒಂದಕ್ಷರ ಕತ್ತರಿಸಿಲ್ಲ."

"ಇನ್ನೊಂದ್ಸಲ ಮಾಡು."

ಮಾಡಿದೆ. ಮತ್ತೆ ಮಾಡು ಎಂದಳು. ನಿಧಾನವಾಗಿ ಮಾಡು ಎಂದಳು. ಕೊನೆಗೆ ಬಾಬಾನೂ ನಗುತ್ತಿರಲಿಲ್ಲ. ಕಲಾವಿದರ ಬದುಕಿನಲ್ಲಿ ಇಂಥ ದಿನಗಳೂ ಬರುತ್ತವೆ. ಆಮೇಲೆ ಅವಳು ಧ್ವನಿಮುದ್ರಣವನ್ನೇ ಹಾಕಿ, ಇಯರ್‌ಫೋನು ಕಿವಿಗೆ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ ಕೇಳಿದಳು.

"ಕಾನೂನು ಏನು ಹೇಳುತ್ತೆ ಗೊತ್ತಾ? ಉತ್ತರಕ್ಕೆ ಹೆಚ್ಚು ಸಮಯ ಕೇಳಬಹುದು ಅಂತ ಅವರು ಬಾಯಿ ಬಿಟ್ಟು ಹೇಳಬೇಕು. ಪೂರ್ತಿ. ಅರ್ಧ ಹೇಳಿದ್ರೆ ಹೇಳಿದ ಹಾಗಲ್ಲ." ಅವಳು ಬಗ್ಗಿ ಬುಟ್ಟಿಯಿಂದ ಪಿಸ್ತಾ ಎತ್ತಿ ಮೇಜಿನ ಮೇಲಿಟ್ಟಳು. "ಸಿಗ್ನಲ್ ಮುರಿದಿದ್ದಾರೆ."

ಏಪ್ರಿಲ್ ೧, ಸೋಮವಾರ

ಹೊಸವರ್ಷದ ಹಬ್ಬದ ಹದಿಮೂರನೆಯ ದಿನ ಮನೆಯೊಳಗಿರಬಾರದು. ಎಲ್ಲರಂತೆ ನಾವೂ ಪಾರ್ಕಿಗೆ ಹೋಗಿ ಚಾಪೆ ಹಾಸಿದೆವು. ನಮ್ಮ ಡಿವಿಕ್ಯೂ ಮಾತ್ರ ಐದು ದಿನದಿಂದ ಬೇರೆಯೇ ಮುಷ್ಕರ ಹೂಡಿದ್ದಾನೆ. ಮೆಲೆ ತಿದ್ದಿ ಬರೆದ ಅರ್ಜಿಗೆ ಒಪ್ಪಿಗೆ ಕೊಡುವುದಿಲ್ಲವಂತೆ.

"ಮಾತಿನ ಮಧ್ಯೆ ಬಾಯಿ ಹಾಕಿದ್ದು ನಾನು," ಎಂದ. "ಈಗ ಆ ಹೆಣ್ಣುಮಗಳ ಮೇಲೆ ದೂರು ಹೇಳೋದಾ? ಒಳ್ಳೆ ಹೆಂಗಸು. ನನಗೆ ನೀರು ಕೊಡಿಸಿದ್ಳು."

"ಆ ನೀರನ್ನೂ ಬೇಡ ಅಂದಿರ್ತೀಯ," ಎಂದೆ.

"ಮೊದಲು ಅಂದೆ."

ಮಾಮಾನ್ ಲೆಟ್ಯೂಸ್ ಎಲೆಯನ್ನು ಹುಳಿಸಿಹಿ ಸಿರ್ಕಾ ಪಾಕದಲ್ಲಿ ಅದ್ದುತ್ತಿದ್ದವಳು ನಿಲ್ಲಿಸಿದಳು. "ಇವನು ಯಾವಾಗ ಹಾಗಿರಲಿಲ್ಲ ಹೇಳು. ನಮ್ಮಪ್ಪ ಮಗಳನ್ನ ಕೊಡ್ತೀನಿ ಅಂದಾಗ 'ಬೇಡ ಬೇಡ, ತೊಂದರೆ ತಗೋಬೇಡಿ' ಅಂದವನು ಇವನು. ನಮ್ಮಪ್ಪ ಎರಡನೇ ಸಲ ಕೇಳದೇ ಇದ್ದಿದ್ರೆ ನಾನು ಇವತ್ತು ಆ ಹಲ್ಲಿನ ಡಾಕ್ಟರ್ ಮನೇಲಿರ್ತಿದ್ದೆ."

"ಡಾಕ್ಟರಿಗೆ ಬೋಳುತಲೆ, ತೂಬಾ," ಎಂದ ಬಾಬಾ, ಅವಳ ಹೆಸರು ಹಿಡಿದು.

"ನಿನಗೇನು ಜಡೆ ಇದೆಯಾ?" ಅಷ್ಟು ಹೇಳಿ ಅವಳು ದನಿ ತಗ್ಗಿಸಿದಳು. "ಕೇಳು ಕಿಯೂಮರ್ಸ್. ಅವತ್ತು ಆ ಕೋಣೇಲಿ ನೀನು ಬೇಡ ಅಂದಿದ್ದು ನಿನ್ನೊಬ್ಬನ ಪಾಲಿನದಲ್ಲ. ನನ್ನದನ್ನೂ ಇವಳದನ್ನೂ ಸೇರಿಸಿ ಬೇಡ ಅಂದೆ. ನಿನ್ನ ಮರ್ಯಾದೆ ನೀನಿಟ್ಕೋ. ನನ್ನ ಪಾಲಿಂದು ನಾನು ಬೇಡ ಅಂದಿಲ್ಲ."

ಬಾಬಾ ಹುಲ್ಲಿನ ಎರಡು ಎಳೆ ಹಿಡಿದು ಗಂಟು ಹಾಕಿದ. ಇವತ್ತು ಹುಲ್ಲಿಗೆ ಗಂಟು ಹಾಕಿ ಏನಾದರೂ ಬೇಡಿಕೊಳ್ಳುವುದು ಮದುವೆಯಾಗದ ಹುಡುಗಿಯರ ಕೆಲಸ. ನಾನು ಹಾಸ್ಯ ಮಾಡಬಹುದಾಗಿತ್ತು. ಬಾಯಲ್ಲಿ ಲೆಟ್ಯೂಸ್ ಇತ್ತು.

ಮೇ ೯, ಗುರುವಾರ

ಮೆರಿಲ್ಯಾಂಡ್ಸ್ ಗೃಹಪೀಠ, ಗೌರವಾನ್ವಿತ ಪರಸ್ತೂ ಅವರ ಸಮಕ್ಷಮ, ಈ ಕೆಳಗಿನಂತೆ ಆದೇಶಿಸಿದೆ:

ಮುಂದೆ ಯಾವ ಪೀಠದ ಎದುರು ಯಾರು ಏನು ಕೇಳಿದರೂ ಒಂದೇ ಸಲ ಕೇಳುವರೆಂಬುದು ಸಾಬೀತಾಗಿರುವುದರಿಂದ, ಅರ್ಜಿಗೆ ಕೊನೆಗೂ ಸಹಿ ಹಾಕಿರುವ ಸದರಿ ಡಿವಿಕ್ಯೂ ಅವರಿಗೆ ಇಂದಿನಿಂದ ತರಬೇತಿ. ಚಹಾ, ಹಣ್ಣು, ಕಬಾಬ್ ಇತ್ಯಾದಿ ಒಂದು ಸಲ ಮಾತ್ರ ಕೇಳಲಾಗುವುದು. ಬೇಡ ಎಂದವರ ಮುಂದಿನಿಂದ ತಟ್ಟೆಯನ್ನು ತಕ್ಷಣ ಎತ್ತಲಾಗುವುದು. ಹತ್ತಕ್ಕೆ ಅಂಕ ಕೊಡಲಾಗುವುದು. ಮೇಲ್ಮನವಿಗೆ ಅವಕಾಶವಿಲ್ಲ.

"ಬಾಬಾ, ಕರ್ಬೂಜ?"

"ಬೇಡ ಮಗಳೇ, ನೀವು ತಿನ್ನಿ."

ತಟ್ಟೆ ಎತ್ತಿದೆ. ಅವನ ಕೈ ಆಗಲೇ ಅರ್ಧ ದಾರಿಗೆ ಬಂದಿತ್ತು. ಸೊನ್ನೆ.

ಮೇ ೧೪, ಮಂಗಳವಾರ

ಡಿವಿಕ್ಯೂ ಮೂರು ದಿನದಿಂದ ಮನೆಯಲ್ಲಿ ಚಹಾ ಕುಡಿದಿಲ್ಲ. ಮಾಮಾನ್ ಕದ್ದು ಕೊಡುತ್ತಿದ್ದಾಳೆಂಬ ಅನುಮಾನವಿದೆ. ಇವತ್ತು ನಾನು ಲೋಟ ಹಿಡಿದು ಬಾಗಿಲಲ್ಲಿ ನಿಂತಾಗ, ಈಜು ಬಾರದವನು ನೀರಿಗೆ ಹಾರುವಂತೆ ಕಣ್ಣು ಮುಚ್ಚಿ "ಕೊಡು!" ಎಂದು ಕೂಗಿದ. ಕೆಳಮನೆಯಿಂದ ಇಝ್ಝತ್ ಖಾನಂ, ಏನಾಯ್ತು ಎಂದು ಓಡಿ ಬಂದಳು.

ಹತ್ತಕ್ಕೆ ನಾಲ್ಕು. ದನಿ ಜಾಸ್ತಿಯಾಯಿತು.

ಜೂನ್ ೨೦, ಗುರುವಾರ

ಜಲೀಲ್ ಅಮ್ಮೂ ತೀರಿಕೊಂಡನಂತೆ. ಅವನ ತಮ್ಮ ಫೋನ್ ಮಾಡಿದ್ದ. ಜೈಲಿನವರು ಹೃದಯ ಎಂದರಂತೆ. ಮುಖ ನೋಡಲು ಬಿಡಲಿಲ್ಲವಂತೆ.

ಬಾಬಾ ಹಣ್ಣಿನ ಗೋದಾಮಿಗೆ ಪಾಳಿಗೆ ಹೋದ. ಸಂಜೆ ಬಂದಾಗ ಚಹಾ ಬೇಕೇ ಎಂದೆ. ಬೇಕು ಎಂದ. ಈಸಿಕೊಂಡು ಕುಡಿದ.

ಅಂಕ ಹಾಕಲಿಲ್ಲ.

ಆಗಸ್ಟ್ ೧೪, ಬುಧವಾರ

ಬಾಬಾ ಕೋಟು ಹಾಕಿದ್ದ. ನೆಮತ್ ಅಮ್ಮೂನದು, ತೋಳು ಉದ್ದ.

ನ್ಯಾಯಾಲಯ ನಾನು ಅಂದುಕೊಂಡಿದ್ದಕ್ಕಿಂತ ಚಿಕ್ಕದು. ಬಂದು ಹೋಗುವವರೆಲ್ಲ ಬಾಗಿಲ ಹತ್ತಿರ ತಲೆ ಬಾಗಿಸುತ್ತಾರೆ. ನಕಲು ಮಾಡಲು ಸಾಕಷ್ಟು ಸರಕಿತ್ತು. ಮಂತ್ರಿಗಳು ಬಂದಿರಲಿಲ್ಲ. ಅವರ ಪರವಾಗಿ ಉದ್ದನೆಯ ವಕೀಲನೊಬ್ಬ ಬಂದಿದ್ದ. ಆಗಾಗ ಪೆನ್ನಿನಿಂದ ಕಿವಿ ಕೆರೆದುಕೊಳ್ಳುತ್ತಿದ್ದ. ನ್ಯಾಯಾಧೀಶರು ವಯಸ್ಸಾದವರು, ನೆಗಡಿಯಾಗಿತ್ತು.

"ಅರ್ಜಿದಾರರು ಸ್ಪಷ್ಟವಾಗಿ ನಿರಾಕರಿಸಿದ್ದಾರೆ," ಎಂದ ಉದ್ದನೆಯವನು.

"ಯಾವುದನ್ನು?" ಎಂದರು ನ್ಯಾಯಾಧೀಶರು.

"ಹೆಚ್ಚಿನ ಸಮಯವನ್ನು."

"ಸಮಯ ಅನ್ನುವ ಮಾತು ಇನ್ನೂ ಬಂದೇ ಇರಲಿಲ್ಲವಲ್ಲ."

"ಏನು ಬರುತ್ತಿದೆ ಅನ್ನುವುದು ಅವರಿಗೆ ಅರ್ಥವಾಗಿತ್ತು ಅಂತ ನಮ್ಮ ವಾದ."

"ಹಾಗಂತೀರಾ? ಅದನ್ನು ನಾನು ಕೇಳಬೇಕು," ಎಂದು ಅವರು ಧ್ವನಿಮುದ್ರಣ ಹಾಕಿಸಿದರು.

ದೊಡ್ಡ ಸ್ಪೀಕರಿನಲ್ಲಿ ಖಾನಂ ಮಾತಾಡಿದಳು. ಬಾಬಾ ಬೇಡ ಬೇಡ ಎಂದ. ನಿಮ್ಮ ದೊಡ್ಡ ಮನಸ್ಸು ಎಂದ. ಯಾರೂ ನಗಲಿಲ್ಲ. ಬೇಡವೇ, ಸರಿ, ಮುಂದೆ ಹೋಗೋಣ ಎಂದಳು ಖಾನಂ.

ಅದಾದ ಮೇಲೆ, ಹಾಳೆಯ ಸದ್ದಿಗೆ ಮುಂಚೆ, ಒಂದು ಬಿಡುವಿದೆ. ಚಿಕ್ಕದೇನಲ್ಲ. ಖಾನಂ ಏನೋ ಬರೆದುಕೊಳ್ಳುತ್ತಿದ್ದಳೇನೋ. ಬಾಬಾ ಕುರ್ಚಿಯಲ್ಲಿ ಸ್ವಲ್ಪ ಮುಂದೆ ಸರಿಯುವುದು ಕೇಳುತ್ತದೆ. ಉಸಿರೆಳೆದುಕೊಂಡು ಹಾಗೇ ಹಿಡಿದಿಟ್ಟಿರುವುದೂ ಕೇಳುತ್ತದೆ. ಎರಡನೆಯ ಸಲ ಕೇಳಲಿ ಎಂದು ಕಾಯುತ್ತಿದ್ದಾನೆ. ಆಮೇಲೆ ಹಾಳೆ ತಿರುಗುತ್ತದೆ.

ನಾನು ಅದನ್ನು ಎಂದೂ ಮಾಡಿ ತೋರಿಸಿಲ್ಲ. ಸುಮ್ಮನಿರುವುದರಲ್ಲಿ ನಗು ಬರುವುದಿಲ್ಲ, ಬೇಗ ದಾಟಿಬಿಡುತ್ತಿದ್ದೆ. ಮೆಲೆಗೆ ಹೇಳಿದ್ದು ಸುಳ್ಳಲ್ಲ. ಒಂದಕ್ಷರವನ್ನೂ ಕತ್ತರಿಸಿರಲಿಲ್ಲ.

"ನನಗೆ ಇದು ಚಹಾ ಬೇಡ ಅಂದ ಹಾಗೆ ಕೇಳಿಸುತ್ತೆ," ಎಂದು ನ್ಯಾಯಾಧೀಶರು ಮೂಗು ಒರೆಸಿಕೊಂಡರು. ಉದ್ದನೆಯವನು ಪೆನ್ನು ಕೆಳಗಿಟ್ಟ.

ಬಳಿಕ ಅವರು ಮೆಲೆಯನ್ನು, ನಿಮ್ಮ ಕಕ್ಷಿದಾರರಿಗೆ ಸ್ವಲ್ಪ ವಿರಾಮ ಬೇಕೇ ಎಂದು ಕೇಳಿದರು. ದುಭಾಷಿ ಬಾಬಾನ ಕಿವಿಯಲ್ಲಿ ಹೇಳಿ ಮುಗಿಸುವ ತನಕ ಬಾಬಾ ಅವನನ್ನೇ ನೋಡುತ್ತಿದ್ದ. ಮುಗಿದ ಮೇಲೆ ಎದ್ದು ನಿಂತು, "ಬೇಕು," ಎಂದ. ಇಡೀ ಕೋರ್ಟು ಎದ್ದಿತು.

ಹೊರಗೆ ಕಾರಿಡಾರಿನಲ್ಲಿ ಮೂವರೂ ಗೋಡೆಗೆ ಒರಗಿ ನಿಂತೆವು.

"ಸುಸ್ತಾಯ್ತಾ ಬಾಬಾ?"

"ಇಲ್ಲ."

"ಮತ್ತೆ?"

"ಅವರು ಕೇಳಿದ್ರಲ್ಲ," ಎಂದ. ಸ್ವಲ್ಪ ಹೊತ್ತಿನ ಮೇಲೆ, "ಈಗ ಇಲ್ಲಿ ನಿಂತು ಏನು ಮಾಡ್ಬೇಕು?" ಎಂದು ಕೇಳಿದ.

ಕೋಟಿನ ತೋಳು ಮಡಿಸಿಕೊಟ್ಟೆ.

ಅಕ್ಟೋಬರ್ ೧೧, ಶುಕ್ರವಾರ

ತೀರ್ಪು ಬಂತು. ಕೋಳಿ ಅಂಗಡಿಯಲ್ಲಿದ್ದೆ. ಮೆಲೆ ಫೋನಿನಲ್ಲಿ ಎರಡು ಸಲ ಹೇಳಿದಳು. ಮಂಡಳಿಯ ತೀರ್ಮಾನ ರದ್ದು. ಬೇರೊಬ್ಬರು ಬಾಬಾನನ್ನು ಮೊದಲಿನಿಂದ ವಿಚಾರಿಸಬೇಕು. ಜಲೀಲ್ ಅಮ್ಮೂನ ತಮ್ಮ ಏನಾದರೂ ಕಾಗದ ಕಳಿಸಬಲ್ಲನೇ ಎಂದು ಈಗಲೇ ಕೇಳಿಡಿ ಎಂದಳು.

ಮನೆಗೆ ಬಂದು ಹೇಳಿದೆ. ಮಾಮಾನ್ ನನ್ನ ಎರಡೂ ಕೆನ್ನೆ ಹಿಡಿದಳು. "ಹಾಗಾದ್ರೆ ವೀಸಾ ಕೊಟ್ರಾ?"

"ವೀಸಾ ಅಲ್ಲ ಮಾಮಾನ್. ಅದು ಸಿಗಬಹುದು, ಸಿಗದೇ ಇರಬಹುದು. ಇನ್ನೊಂದು ಸಲ ಕೇಳ್ತಾರೆ, ಅಷ್ಟೇ."

ಬಾಬಾ ಬೂಟಿನ ದಾರ ಬಿಚ್ಚುತ್ತಿದ್ದವನು ತಲೆ ಎತ್ತಿದ. "ಏನಂದೆ?"

"ಇನ್ನೊಂದು ಸಲ ಕೇಳ್ತಾರೆ ಬಾಬಾ."

ಅವನು ಇನ್ನೊಂದು ಬೂಟು ಬಿಚ್ಚಲೇ ಇಲ್ಲ. ಒಂದು ಕಾಲಿನಲ್ಲಿ ಅದನ್ನು ಹಾಕಿಕೊಂಡೇ ಊಟಕ್ಕೆ ಕೂತ.

ತೀರ್ಪನ್ನು ಪೂರ್ತಿ ಓದಿದೆ. ನನ್ನ ಪ್ರದರ್ಶನ ಅದರೊಳಗೆ ಅಚ್ಚಾಗಿದೆ, ಖಾನಂಳ ಮಾತು, ಬಾಬಾನ ಮಾತು, ಎಲ್ಲ. ಬಿಡುವಿನ ಜಾಗದಲ್ಲಿ ಆವರಣ ಹಾಕಿ 'ಮೌನ' ಎಂದು ಬರೆದಿದ್ದಾರೆ.

ಅಕ್ಟೋಬರ್ ೧೩, ಭಾನುವಾರ

ನೆಮತ್ ಅಮ್ಮೂ, ಇಝ್ಝತ್ ಖಾನಂ ಊಟಕ್ಕೆ ಬಂದಿದ್ದರು. ಮಾಮಾನ್ ಕೇಸರಿ ಹಾಕಿ ಅನ್ನ ಮಾಡಿದ್ದಳು. ಪಾತ್ರೆಯ ತಳದಲ್ಲಿ ಗರಿಗರಿಯಾಗಿ ಹತ್ತಿದ ಅನ್ನದ ಕೊನೆಯ ತುಂಡು ಉಳಿಯಿತು. ಇಂಥದ್ದು ಸಾಮಾನ್ಯವಾಗಿ ತಟ್ಟೆಯಿಂದ ತಟ್ಟೆಗೆ ಊರೆಲ್ಲ ಸುತ್ತಿ, ತಣ್ಣಗಾಗಿ, ಯಾರೂ ತಿನ್ನದೆ ಉಳಿದುಹೋಗುತ್ತದೆ.

"ತಗೋ ಕಿಯೂಮರ್ಸ್," ಎಂದ ನೆಮತ್ ಅಮ್ಮೂ.

"ಕೊಡು," ಎಂದು ಬಾಬಾ ತಟ್ಟೆ ಚಾಚಿದ.

ನೆಮತ್ ಅಮ್ಮೂನ ಕೈ ಅಲ್ಲೇ ನಿಂತಿತು. ಆ ತುಂಡಿನ ಮೇಲೆ ಅವನಿಗೂ ಕಣ್ಣಿತ್ತು. ಬಾಬಾ ಅದನ್ನು ಕರುಂ ಕುರುಂ ಎಂದು ತಿಂದ.

ಇಝ್ಝತ್ ಖಾನಂ ನನ್ನ ಕಡೆ ತಿರುಗಿದಳು. "ಏಳೇ ಪರಸ್ತೂ. ಗೆದ್ದ ಮೇಲೆ ಒಂದ್ಸಲ 'ಖಾನಂ ಮತ್ತು ಡ್ರೈವರ್' ಆಗ್ಲೇಬೇಕು."

"ಬೇಡ ಖಾನಂ."

"ನೋಡ್ರೋ, ಇವಳಿಗೂ ನಾಚಿಕೆ ಬಂತು! ಏಳು ಏಳು," ಎಂದ ನೆಮತ್ ಅಮ್ಮೂ.

"ಬೇಡ ಅಮ್ಮೂ."

ಇಝ್ಝತ್ ಖಾನಂ ಚಪ್ಪಾಳೆ ತಟ್ಟಿದಳು. "ಎರಡು ಸಲ ಆಯ್ತು! ಮೂರನೇ ಸಲ ಕೇಳ್ತಿದೀನಿ, ಇನ್ನು ಏಳ್ದೆ ವಿಧಿ ಇಲ್ಲ."

"ಅವಳು ಬೇಡ ಅಂದ್ಳಲ್ಲ," ಎಂದ ಬಾಬಾ. ಬಾಯಲ್ಲಿ ಇನ್ನೂ ಅನ್ನವಿತ್ತು. "ಒಂದು ಸಲ ಅಂದಿದ್ದು ಸಾಕು."

ಮಾಮಾನ್ ಎದ್ದು ಚಹಾ ತಂದು, ಬೇಕೇ ಎಂದು ಕೇಳುತ್ತ ಬಂದಳು. ನೆಮತ್ ಅಮ್ಮೂ ಬೇಡ ಎಂದ. ಎಂದವನು ಬಾಬಾನ ಮುಖ ನೋಡಿ, ಮಾಮಾನ್ ತಟ್ಟೆ ಎತ್ತುವ ಮೊದಲೇ ಎರಡೂ ಕೈಯಲ್ಲಿ ಲೋಟ ಹಿಡಿದುಕೊಂಡ.